ನನ್ನ ಹೆಸರಿನ ರಕ್ತ

ಬೆಟಗೇರಿ
೨೦ ಫೆಬ್ರವರಿ ೨೦೨೫, ಗುರುವಾರ

ಮುದ್ದು ತಂಗಿ ನೇತ್ರಾ,

ನಿನ್ನ ಅಕ್ಕನ ತುಂಬು ಮನಸ್ಸಿನ ಆಶೀರ್ವಾದ. ಕಾಗದ ಬರೆದರೆ ಮೊದಲು ‘ಇಲ್ಲಿ ನಾವೆಲ್ಲ ಕ್ಷೇಮ’ ಅಂತ ಬರೆಯಬೇಕೆಂದು ಅಪ್ಪ ನಮಗೆ ಕಲಿಸಿದ್ದ. ಈ ಸಲ ಆ ಸಾಲನ್ನು ಸ್ವಲ್ಪ ತಡೆದಿದ್ದೇನೆ. ತಡವಾಯಿತು, ಬೈಯಬೇಡ. ನೀನು ಫೋನಿನಲ್ಲಿ ಒಂದು ಪ್ರಶ್ನೆ ಕೇಳಿ, “ನೆಂಪು ಮಾಡ್ಕೊಂಡು ಹೇಳ ಅಕ್ಕಾ, ಜಲ್ದಿ ಏನಿಲ್ಲ” ಅಂದಿದ್ದೆ. ಜಲ್ದಿ ಏನಿಲ್ಲ ಅನ್ನುವವರ ದನಿಯಲ್ಲೇ ಅವರ ಅವಸರ ಗೊತ್ತಾಗುತ್ತದೆ. ಆದರೂ ನಾನು ಬಸುರಿ ಮಗಳು ಮಾಯಾಳ ಕುಬಸ, ಬೀಗರು, ಬಸ್ಸು ಅಂತ ನೆಪ ಹೇಳುತ್ತ ದಿನ ದೂಡಿದೆ. ಫೋನ್ ಮಾಡೋಣವೆಂದರೆ ನಮ್ಮ ಮನೆಯವರು, ನಿಮ್ಮ ಮಾಮಾ, ಬಿಡಬೇಕಲ್ಲ! ಎಪಿಎಂಸಿಯಲ್ಲಿ ಹತ್ತಿಯ ಹರಾಜು ಕೂಗಿ ಕೂಗಿ ಅಭ್ಯಾಸವಾದ ಮನುಷ್ಯ. ನನ್ನ ಕೈಯಿಂದ ಫೋನ್ ಕಸಿದು, “ಏನ್ ನೇತ್ರವ್ವಾ, ಪುಣೇದಾಗ ಥಂಡಿ ಹೆಂಗೈತಿ?” ಅಂತ ಶುರುಮಾಡಿದರೆ ನನ್ನ ಮಾತು ಅಲ್ಲಿಗೆ ಮುಗಿಯಿತು. ಅದಕ್ಕೇ ಈ ಕಾಗದ.

ಮೊದಲು ನೀನು ಹೇಳಿದ್ದನ್ನು ನನಗೆ ತಿಳಿದಷ್ಟು ತಿರುಗಿ ಒಪ್ಪಿಸುತ್ತೇನೆ, ತಪ್ಪಿದ್ದರೆ ತಿದ್ದು. ಧಾರವಾಡದಲ್ಲಿ ಓದುವಾಗ ನಿನಗೆ ಗಂಟುಬಿದ್ದ, ಕೀಲು ಹಿಡಿಯುವ ಈ ಆಮವಾತ ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರಲ್ಲಿ ಒಬ್ಬಳಿಗೆ ಬಂದು ಇನ್ನೊಬ್ಬಳನ್ನು ಯಾಕೆ ಬಿಡುತ್ತದೆ? ಅದನ್ನು ಹುಡುಕಲು ಪುಣೆಯ ನಿನ್ನ ಲ್ಯಾಬಿನಲ್ಲಿ ನೀವು ಅಕ್ಕತಂಗಿಯರ ಜೋಡಿಗಳ ರಕ್ತ ಕೂಡಿಸಿದಿರಿ. ಹೋದ ಕಾರ್ತೀಕದಲ್ಲಿ ಲಕ್ಷ್ಮೇಶ್ವರದ ಶಿಬಿರಕ್ಕೆ ನಾನೂ ಬಂದು ತೋಳು ಚಾಚಿದೆ. ನಮ್ಮದೂ ಒಂದು ಜೋಡಿ: ಬೇನೆಯವಳು ನೀನು, ಆರಾಮಿದ್ದವಳು ನಾನು. ಈಗ ನನ್ನ ರಕ್ತ ನಿನ್ನ ರಕ್ತದ ಹಾಗೆಯೇ ನಡೆದುಕೊಳ್ಳುತ್ತಿದೆಯಂತೆ. ಟ್ಯೂಬು ಅದಲುಬದಲಾಗಿರಬೇಕು, ಈ ಜೋಡಿಯನ್ನು ತೆಗೆದುಹಾಕು ಎಂದು ನಿಮ್ಮ ಸರ್ ಹೇಳುತ್ತಿದ್ದಾರಂತೆ. ಅವತ್ತು ನನ್ನ ಬದಲಿಗೆ ಯಾರಾದರೂ ರಕ್ತ ಕೊಟ್ಟರೋ, ಹೆಸರು ಹಚ್ಚುವಾಗ ಏನಾದರೂ ಗದ್ದಲವಾಯಿತೋ ಎಂದು ನೀನು ಕೇಳಿದೆ. ಉತ್ತರ ಕೊಡುತ್ತೇನೆ. ಆದರೆ ಮಾಯಾಳ ಗಂಡನ ಊರು ಮುಂಡರಗಿಯ ಮೇಲೆ ಹಾಯ್ದು ಬರಬೇಕು, ನಡುವೆ ಎದ್ದು ಹೋಗಬೇಡ.

ಮಾಯಾ ಚೆನ್ನಾಗಿದ್ದಾಳೆ. ಮುಖ ದುಂಡಗಾಗಿದೆ. ಹಸಿರು ಸೀರೆ ಉಟ್ಟು ಕುಂತಾಗ ಥೇಟ್ ನಮ್ಮ ಅವ್ವನ ಹಾಗೆ ಕಂಡಳು. ಅಳಿಯ ವೀರೇಶ ಹೆಂಡತಿಯ ಹಿಂದೆಮುಂದೆ ನೀರಿನ ತಂಬಿಗೆ ಹಿಡಿದು ಸುಳಿದಾಡುವುದನ್ನು ನೋಡಿ ಹೆಂಗಸರೆಲ್ಲ ನಕ್ಕಿದ್ದೇ ನಕ್ಕಿದ್ದು. ಕುಬಸ ಮುಗಿದ ಮೇಲೂ ಬೀಗತಿ ಸಿದ್ದಲಿಂಗವ್ವ ನನ್ನನ್ನು ಬಿಡಲಿಲ್ಲ. “ಇನ್ನೊಂದೆರಡು ದಿನ ಇರ್ರಿ ಬೀಗರ, ನಿಮ್ಮ ಮನಿಗೇನು ಕಾಲು ಬಂದು ಓಡಿಹೋಗ್ತೈತೇನು?” ಅಂದರು. ನಾನೂ ಉಳಿದೆ.

ಅವರ ಮಾಳಿಗೆ ಹತ್ತಿದರೆ ದೂರದಲ್ಲಿ ಕಪ್ಪತ್ತಗುಡ್ಡ ಕಾಣುತ್ತದೆ. ಮುಂಜಾನೆಯ ಮಂಜಿನಲ್ಲಿ ಗುಡ್ಡವೇ ಇರುವುದಿಲ್ಲ, ಮೇಲಿನ ಗಾಳಿಯಂತ್ರಗಳಷ್ಟೇ ಬಾನಿನಲ್ಲಿ ಸುಮ್ಮನೆ ತಿರುಗುತ್ತಿರುತ್ತವೆ. ನನಗೆ ಮಾಡಲು ಕೆಲಸವಿರಲಿಲ್ಲ. ಶಾಲು ಹೊದ್ದು ಅಲ್ಲೇ ಕುಂತು ತೂಕಡಿಸುತ್ತಿದ್ದೆ. ಅತ್ತ ನಿದ್ದೆಯೂ ಅಲ್ಲ, ಇತ್ತ ಎಚ್ಚರವೂ ಅಲ್ಲ, ಆ ಹೊತ್ತಿನಲ್ಲಿ ನನಗೊಂದು ಕನಸು ಬೀಳುತ್ತಿತ್ತು.

ತವರೂರು ಅಂತೂರಿನ ನಮ್ಮ ಜೋಳದ ಹೊಲ. ತೆನೆ ಹಾಲುಗಾಳಾಗಿದೆ. ನಡುವೆ ಅಟ್ಟ, ಅಟ್ಟದ ಮೇಲೆ ಅಪ್ಪ ಕವಣೆ ಬೀಸುತ್ತ ನಿಂತಿದ್ದಾನೆ. ನಾನು ಬುತ್ತಿ ಹೊತ್ತು ಬದುವಿನ ಮೇಲೆ ನಡೆದು ಬರುತ್ತಿದ್ದೇನೆ. ಅಪ್ಪ ನನ್ನನ್ನು ಹಕ್ಕಿ ಅಂದುಕೊಂಡನೋ, ಕಳ್ಳರು ಅಂದುಕೊಂಡನೋ, ಕಲ್ಲು ಬೀಸಿದ. “ಅಪ್ಪಾ, ನಾ ಕಾಂಚನಾ” ಅಂತ ಕೂಗಿದೆ. ನೀನು ಸಣ್ಣಾಕಿ, ಅವನ ಪಕ್ಕದಲ್ಲೇ ಕುಂತು ಧೋತರದ ಚುಂಗು ಹಿಡಿದು ಜಗ್ಗುತ್ತಿದ್ದೆ: “ಹೊಡೀಬ್ಯಾಡಪಾ, ಅಕ್ಕ ಅಕಿ, ನಮ್ಮಕಿ!” ಅಪ್ಪನಿಗೆ ಅದು ಕೇಳುವುದಿಲ್ಲ. ಕಲ್ಲು ಬಂದು ನನ್ನ ಕೈಗೆ ಬೀಳುತ್ತದೆ, ಆದರೆ ಸಪ್ಪಳವಿಲ್ಲ. ಜೋಳದ ಗರಿ ಅಲುಗಾಡುವ ಸದ್ದೊಂದೇ. ಹೆದರಿಕೆಯೂ ಆಗುವುದಿಲ್ಲ, ಅದೇ ಸೋಜಿಗ. ಅಪ್ಪನನ್ನು ನೋಡಿದೆನಲ್ಲ ಎಂಬ ಸಂತೋಷದಲ್ಲೇ ಕಣ್ಣು ಬಿಡುತ್ತಿದ್ದೆ.

ಇದು ನೀನು ಹೇಳಿದ ಪಾಠವೇ ಕನಸಾಗಿ ಬಂದದ್ದು. ನೆನಪಿದೆಯಾ, ಅವ್ವ ಇದ್ದಾಗ ಪಡಸಾಲೆಯಲ್ಲಿ ಕುಂತು ತಿಳಿಸಿ ಹೇಳಿದ್ದೆ? ರಕ್ತದಲ್ಲಿ ಹೊಡೆಯುವ ಕಣಗಳಿರುತ್ತವೆ, ಹೊರಗಿನ ರೋಗ ಬಂದರೆ ಅಟ್ಟಿಸಿಕೊಂಡು ಹೋಗುತ್ತವೆ. ಅವುಗಳ ಜೊತೆಗೇ ತಡೆಯುವ ಕಣಗಳೂ ಇರುತ್ತವೆ, ಸಾಕು, ಇವರು ನಮ್ಮವರು ಅಂತ ಕೈ ಹಿಡಿಯುವಂಥವು. ತಡೆಯುವವು ಸೋತರೆ ಹೊಡೆಯುವವು ಮನೆಯವರ ಕೀಲುಗಳನ್ನೇ ಹೊಡೆಯುತ್ತವೆ ಅಂದಿದ್ದೆ. ಅವ್ವ ಎಲ್ಲ ಕೇಳಿ, “ಬೇಲಿನ ಎದ್ದು ಹೊಲ ಮೇಯ್ದಂಗ ಆತಲ್ಲ ಯವ್ವಾ” ಅಂದಿದ್ದಳು. ನೀನು ಆ ತಡೆಯುವ ಕಣಗಳ ಬೆನ್ನು ಹತ್ತಿದ್ದೀ. ನನ್ನ ರಕ್ತದಲ್ಲಿ ಅವು ಗಟ್ಟಿಯಾಗಿರುತ್ತವೆ, ಅವುಗಳಿಂದಲೇ ಉತ್ತರ ಸಿಗುತ್ತದೆ ಎಂದು ನೀನು ನಂಬಿದ್ದೆ.

ಇನ್ನು ಮುಂಡರಗಿಯ ಮಾತು. ಹೆಣ್ಣು ಕೊಟ್ಟ ಮನೆಯಲ್ಲಿ ಬೀಗತಿಗೆ ಕೆಲಸ ಹಚ್ಚಬಾರದು ಎಂಬುದು ನಿನಗೆ ಗೊತ್ತಲ್ಲ. ಮೊದಲನೆಯ ಮುಂಜಾನೆ ರೂಢಿಯಂತೆ ಒಲೆಯ ಕಡೆ ಹೋದೆ. ಸಿದ್ದಲಿಂಗವ್ವ ಅಡ್ಡ ನಿಂತರು. “ಅಯ್ಯ ಶಿವನ! ಬೀಗರ ಕಡೆ ರೊಟ್ಟಿ ಬಡಸಿದ್ರ ಓಣಿ ಮಂದಿ ನಮ್ಮ ಮಾರಿಗೆ ಉಗಳ್ತಾರ. ಹೋಗ್ರಿ, ಮ್ಯಾಲೆ ಬಿಸಲಿಗೆ ಕುಂಡ್ರಿ.” ಹಾಗೆ ನಾನು ಮಾಳಿಗೆ ಸೇರಿದ್ದು. ಅಲ್ಲಿ ನನ್ನ ಬೆರಳು ಮಡಚಲಿಲ್ಲ. ಥಂಡಿ ಅಂದುಕೊಂಡೆ. ಮರುದಿನವೂ ಮಡಚಲಿಲ್ಲ. ಬಿಸಿಲು ನೆತ್ತಿಗೆ ಬಂದ ಮೇಲೆ ಒಂದೊಂದಾಗಿ ಸಡಿಲಾದವು. ಚಹಾದ ಲೋಟವನ್ನು ಎರಡೂ ಅಂಗೈಯಲ್ಲಿ ಅಮುಕಿ ಹಿಡಿದದ್ದನ್ನು ನೋಡಿ ಸಿದ್ದಲಿಂಗವ್ವ, “ಬೀಗರು ಚಹಾ ಕುಡಿಯಾಕ ಹತ್ಯಾರೋ, ಕೈ ಕಾಸಾಕ ಹತ್ಯಾರೋ?” ಅಂತ ಚಾಷ್ಟಿ ಮಾಡಿದರು. ನಾನೂ ನಕ್ಕೆ. ನಗುತ್ತಿದ್ದಾಗಲೇ ಲೋಟ ಕೆಳಗಿಟ್ಟು ಬೆರಳು ನೋಡಿಕೊಂಡೆ.

ಯಾಕೆಂದರೆ ಶಿಬಿರದ ದಿನ ನೆನಪಾಯಿತು. ಪ್ರಶ್ನೆ ಕೇಳಿದವಳು, ರಕ್ತ ತೆಗೆದವಳು ನಿಮ್ಮ ನರ್ಸ್ ಮೆಹನಾಜ. ಪಾಪ, ಎಷ್ಟು ಮೆತ್ತಗೆ ಸೂಜಿ ಚುಚ್ಚಿದಳು. “ಅಕ್ಕಾರ, ಮುಂಜಾನಿ ಎದ್ದ ಮ್ಯಾಲೆ ಕೈ ಭಾಳೊತ್ತು ಬಿಗಿ ಇರ್ತಾವೇನ್ರಿ?” ಅಂತ ಕೇಳಿದಳು. “ಒಂದೀಟು ಇರ್ತಾವವ್ವಾ, ರೊಟ್ಟಿಗೆ ಕುಂತ್ರ ಬಿಡ್ತಾವ” ಅಂದೆ. “ಹಂಗಾರ ಏನಿಲ್ಲ ಬಿಡ್ರಿ” ಅಂದಳು. ಬಾವು ಇರಲಿಲ್ಲ, ನಾನು ಸುಳ್ಳೂ ಹೇಳಲಿಲ್ಲ. ನನಗೆ ಗೊತ್ತಿದ್ದದ್ದೇ ಅಷ್ಟು. ಎದ್ದ ಕೂಡಲೇ ಕುದಿಯುವ ಎಸರಿಗೆ ಹಿಟ್ಟು ಸುರಿದು, ಬಿಸಿಬಿಸಿಯಿರುವಾಗಲೇ ನಾದಿ, ಬಡಿದು, ಹೆಂಚಿನ ಮೇಲಿನ ರೊಟ್ಟಿಗೆ ನೀರು ಸವರುವುದರೊಳಗೆ ಎಂಥ ಕೈಯಾದರೂ ಸಡಿಲಾಗುತ್ತದೆ. ದಿನಾ ನಮಗೆ ತಿಳಿಯದೆಯೇ ಔಷಧಿ ನಡೆದಿತ್ತು, ನೇತ್ರಾ. ನಾವು ಅದನ್ನು ಅಡಿಗೆ ಅಂದುಕೊಂಡಿದ್ದೆವು.

ಊರಿಗೆ ಬಂದ ಮೇಲೂ ಮನಸ್ಸು ಒಪ್ಪಲಿಲ್ಲ. ಪಕ್ಕದ ಮನೆಯ ಬೀರವ್ವನ ಕಡೆ ರೊಟ್ಟಿ ಮಾಡಿಸಿ, ನಾನು ಸುಮ್ಮನೆ ಕುಂತು ನೋಡಿದೆ. “ಏನವ್ವಾ, ಬೀಗರ ಮನ್ಯಾಗ ಉಂಡು ಬಂದು ಸೊಕ್ಕು ಬಂತೇನು?” ಅಂದಳು ಬೀರವ್ವ. ಸೊಕ್ಕು ಬಂದಿದ್ದರೆ ಎಷ್ಟು ಚೆಂದಿತ್ತು! ಅಂದು ಮಧ್ಯಾಹ್ನದವರೆಗೆ ನನಗೆ ಜಂಪರಿನ ಗುಂಡಿ ಹಾಕಿಕೊಳ್ಳಲು ಆಗಲಿಲ್ಲ. ಶಿವರಾತ್ರಿಗೆ ಚಳಿ ಶಿವ ಶಿವ ಅನ್ನುತ್ತ ಹೋಗುತ್ತದೆ ಅನ್ನುತ್ತಾರೆ. ಹಬ್ಬ ಹತ್ತಿರ ಬಂತು, ಚಳಿಯೂ ಹೊರಟಿತು, ನನ್ನ ಕೈ ಮಾತ್ರ ಹಾಗೇ ಇವೆ.

ಈಗ ನಿನ್ನ ಪ್ರಶ್ನೆಗೆ ಉತ್ತರ. ಟ್ಯೂಬು ಅದಲುಬದಲಾಗಿಲ್ಲ. ನನ್ನ ಬದಲಿಗೆ ಯಾರೂ ತೋಳು ಚಾಚಿಲ್ಲ. ಮೆಹನಾಜ ನನ್ನ ಕಣ್ಣೆದುರೇ ಹೆಸರು ಹಚ್ಚಿದಳು. ನನ್ನ ಹೆಸರಿನ ರಕ್ತ ನನ್ನದೇ. ಅದು ನಿನ್ನ ಮುಂದೆ ಖರೆ ಹೇಳಿದೆ, ನನಗಿಂತ ಮೊದಲೇ ಹೇಳಿದೆ. ಅದನ್ನು ಚೆಲ್ಲಬೇಡ, ನಿಮ್ಮ ಸರ್‌ಗೆ ತಿಳಿಸು. ಆರಾಮಿದ್ದೇವೆಂದು ಬರೆಸಿದ ಉಳಿದ ಅಕ್ಕತಂಗಿಯರನ್ನೂ ಇನ್ನೊಮ್ಮೆ ಕೇಳು. ಒಂದು ಮುಂಜಾನೆ ರೊಟ್ಟಿಗೆ ಕೂಡದೆ ಇದ್ದು ನೋಡಿ ಹೇಳಿರಿ ಅನ್ನು. ಎಲ್ಲರದೂ ನನ್ನ ಹಾಗೆ ಇರಲಿಕ್ಕಿಲ್ಲ, ಇರದಿರಲಿ ಅಂತ ಬೇಡುತ್ತೇನೆ.

ಗದಗಿನ ಡಾಕ್ಟರರಿಗೆ ತೋರಿಸಿದೆ. ಅದೇ ಬೇನೆ, ಶುರುವಿನಲ್ಲೇ ಸಿಕ್ಕಿದೆ ಅಂದರು. ಗುಳಿಗೆ ಬರೆದುಕೊಟ್ಟಿದ್ದಾರೆ, ಹೆಸರು ನೋಡಿದರೆ ನೀನು ನುಂಗುವುದೇ. ನಿಮ್ಮ ಮಾಮಾ ಆ ದಿನ ಅಂಗಡಿಗೆ ಹೋಗದೆ ನನ್ನ ಪಕ್ಕ ಸುಮ್ಮನೆ ಕುಂತಿದ್ದರು. ಅವರು ಸುಮ್ಮನೆ ಕುಂತದ್ದನ್ನು ನೋಡಿಯೇ ನನಗೆ ಹೆದರಿಕೆಯಾಯಿತು. ಮಾಯಾಳಿಗೆ ಹೇಳಿಲ್ಲ, ಹೆರಿಗೆಯಾಗಲಿ.

ನಿನ್ನ ಕೆಲಸ ಕೈಗೂಡಲಿ. ನಿನ್ನ ಮೊಣಕಾಲಿಗೆ ಬಲ ಬರಲಿ. ಹೊತ್ತಿಗೆ ಸರಿಯಾಗಿ ಉಣ್ಣು. ಬರುವ ಮಗುವಿಗೆ ಹೆಸರು ಹುಡುಕಿಡು, ಸಣ್ಣಜ್ಜಿ ಆಗುವವಳು ನೀನೇ ಅಲ್ಲವೇ. ನಮ್ಮ ಕ್ಷೇಮದ ಸಾಲಿಗೆ ಈಗ ಜಾಗ ಸಿಕ್ಕಿತು: ಇಲ್ಲಿ ಎಲ್ಲರೂ ಕ್ಷೇಮ, ನಾನು ಅಷ್ಟಕ್ಕಷ್ಟೆ.

ನಿನ್ನ ಏಳಿಗೆಯನ್ನೇ ಬಯಸುವ
ಅಕ್ಕ,
ಕಾಂಚನಾ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದನ್ನೂ ಬರೆದುಬಿಡುತ್ತೇನೆ. ನಾನು ತಡಮಾಡಿದ್ದು ಕುಬಸದಿಂದಲ್ಲ, ಬೆರಳಿನಿಂದಲೂ ಅಲ್ಲ. ನಿನಗೆ ಬೇನೆ ಗೊತ್ತಾದ ವರ್ಷ ಅವ್ವ ನಿನ್ನನ್ನು ಶಿರಹಟ್ಟಿ ಮಠಕ್ಕೆ ಕರೆದುಕೊಂಡು ಹೋಗಿದ್ದಳಲ್ಲ. ಗದ್ದುಗೆಯ ಮುಂದೆ ನೀನು ಬೇಡಿಕೊಂಡದ್ದು ಅವಳ ಕಿವಿಗೆ ಬಿದ್ದಿತ್ತು. ಸಾಯುವ ಮುಂಚೆ ನನಗೆ ಹೇಳಿದಳು. “ಇಬ್ಬರೊಳಗ ಒಬ್ಬಾಕಿಗೆ ಬರೋದಿದ್ರ ಅದು ನನಗ ಇರಲಿ, ಅಕ್ಕನ್ನ ಮುಟ್ಟಬ್ಯಾಡ” ಅಂದಿದ್ದೆಯಂತೆ. ಆಮೇಲೆ ಒಂದು ದಿನವೂ ನೀನು ನೋವು ಅನ್ನಲಿಲ್ಲ. ಕೇಳಿದಾಗಲೆಲ್ಲ “ಆರಾಮದೀನಿ” ಅಂದೆ. ಅಕ್ಕನ ಪಾಲಿನದನ್ನೂ ನಾನೇ ತೀರಿಸುತ್ತಿದ್ದೇನೆ ಎಂದು ನೀನು ಹಲ್ಲು ಕಚ್ಚಿ ಇಷ್ಟು ವರ್ಷ ಕಳೆದೆ. ಆ ಮಾತು ನಡೆಯಲಿಲ್ಲ ನನ್ನವ್ವಾ. ಇದನ್ನು ನಿನಗೆ ನಾನೇ ಹೇಳಬೇಕಾಯಿತಲ್ಲ ಎಂಬ ಸಂಕಟ ನನಗೆ ಬೇನೆಗಿಂತ ಹೆಚ್ಚಾಗಿದೆ. ಇನ್ನು ಮುಂದೆ ನನ್ನ ಸಲುವಾಗಿ ಏನನ್ನೂ ತಡೆದುಕೊಳ್ಳಬೇಡ. ಕಾಗದ ಮುಟ್ಟಿದ ಕೂಡಲೇ ಫೋನ್ ಮಾಡು. ನೋಯ್ತೈತಿ ಅಕ್ಕಾ ಅನ್ನು. ನನಗೂ ನೋಯ್ತೈತಿ ನೇತ್ರಾ ಅಂತ ನಾನೂ ಅನ್ನುತ್ತೇನೆ.