ಶಿಲುಬೆಯ ಮೇಲಿಟ್ಟ ಕೈ

ಸಂತ ಲೂಕನ ಹಬ್ಬದ ಮರುದಿನ, 1318
ಕಥೀಡ್ರಲಿನ ಬರವಣಿಗೆ ಕೋಣೆಯಿಂದ

ಪ್ರೀತಿಯ ಇಲ್ಕಾ ಅಕ್ಕನಿಗೆ, ನಿನ್ನ ಬೆನೆದೆಕ್ ತಲೆಬಾಗಿ ಮಾಡುವ ವಂದನೆಗಳು.

ನಿನ್ನೂರಿನ ಪಾದ್ರಿಯ ಕೈಲಿ ನೀನು ಬರೆಸಿದ ಓಲೆ ತಲುಪಿತು. ಅದರಲ್ಲಿ ಇದ್ದದ್ದು ಒಂದೇ ಮಾತು: "ಒಡಹುಟ್ಟಿದೋಳ ಗುರುತೇ ಸಿಗಲಿಲ್ವೇನೋ ನಿಂಗೆ?" ಪುಣ್ಯಾತ್ಮ ನೀನು ಆಡಿದ ಹಾಗೆಯೇ ಬರೆದಿದ್ದಾನೆ. ಮೂರು ದಿನದಿಂದ ನನಗೆ ಊಟ ಸೇರುತ್ತಿಲ್ಲ.

ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ ದೆಮೆತೆರ್ ಅಣ್ಣ ಇಲ್ಲಿಗೆ ಬಂದ. ಜೊತೆಗೆ ಮುಸುಕು ಹಾಕಿಕೊಂಡ ಹೆಂಗಸು. ಅಪ್ಪನ ಆಸ್ತಿಯಲ್ಲಿ ಹೆಣ್ಣುಮಗಳಿಗೆ ಸಲ್ಲುವ ಕಾಲುಭಾಗವನ್ನು ತಂಗಿ ಬಿಟ್ಟುಕೊಡುತ್ತಿದ್ದಾಳೆ, ಪತ್ರ ಮಾಡಿಕೊಡಿ ಎಂದ. ನೀನು ನೆಲವಿಲ್ಲದ ಮಿಕೋವನನ್ನು ಕಟ್ಟಿಕೊಂಡವಳು; ಅಂಥವಳಿಗೆ ಹಣದ ಬದಲು ನೆಲ ಕೊಡುವ ಪದ್ಧತಿಯಂತೆ ನಿನ್ನ ಪಾಲು ನೆಲವಾಗಿಯೇ ಬಂದಿತ್ತು. ಹಾಗೆ ಬಂದ ಗುಡ್ಡದ ದ್ರಾಕ್ಷಿತೋಟದಲ್ಲಿ ನೀವು ನೆಮ್ಮದಿಯಾಗಿರುವುದು ಅಣ್ಣನಿಗೆ ಎಂದೂ ಸಹಿಸಲಿಲ್ಲ.

ಆಸ್ತಿಪತ್ರಗಳಿಗೆ ಮುದ್ರೆಯೊತ್ತುವುದು ನಮ್ಮ ಕಥೀಡ್ರಲಿನ ಕೆಲಸ; ಪತ್ರ ಮಾಡುವ ಮೊದಲು ಬಂದವರನ್ನು ಇಲ್ಲಿನ ಪಾದ್ರಿಗಳಲ್ಲಿ ಬಲ್ಲವರೊಬ್ಬರು ಗುರುತಿಸಬೇಕು. ಅಂದು ಕುಳಿತಿದ್ದ ಪಾದ್ರಿಗಳಲ್ಲಿ ನಿನ್ನನ್ನು ಬಲ್ಲವನು ನಾನೊಬ್ಬನೇ. ಅಣ್ಣ ನಕ್ಕು, "ಏನಪ್ಪಾ, ಎತ್ತಿ ಆಡಿಸಿದ ಅಕ್ಕನ್ನೇ ಮರ್ತುಬಿಟ್ಯಾ? ಹೇಳೋ ಇವರಿಗೆ" ಎಂದ. ಹೆಂಗಸು ಶಿಲುಬೆಯ ಮೇಲೆ ಬಲಗೈಯಿಟ್ಟು ಹೌದೆಂದು ತಲೆಯಾಡಿಸಿದಳು. ಹೌದು, ಇವಳು ನನ್ನಕ್ಕ ಎಂದೆ. ಮುದ್ರೆ ಬಿತ್ತು.

ನಿನ್ನನ್ನು ಕಂಡು ಹನ್ನೊಂದು ವರ್ಷವಾಯಿತು. ಕೋಣೆಯಲ್ಲಿ ಬೆಳಕು ಸಾಲದು. ಬರೆದು ಬರೆದು ನನ್ನ ಕಣ್ಣೂ ಮಂಜಾಗಿವೆ. ತಪ್ಪಿ ಹೇಳಿದೆ, ಅಕ್ಕ. ನಿನ್ನ ಕೈತುತ್ತು ತಿಂದು ಬೆಳೆದವನು ನಿನ್ನ ಬಾಯಿಗೇ ಮಣ್ಣು ಹಾಕಿದೆ.

ಬರುವ ತಿಂಗಳು ಸಂತ ಮಾರ್ಟಿನನ ಹಬ್ಬ ಕಳೆದು ಎಂಟನೆಯ ದಿನ ನ್ಯಾಯಾಧೀಶರ ಮುಂದೆ ವಿಚಾರಣೆಯಿದೆ. ಆ ಪತ್ರ ನಿಂತರೆ ನೀವಿಬ್ಬರೂ ತೋಟ, ಮನೆ ಎರಡನ್ನೂ ಬಿಡಬೇಕು. ಈ ಓಲೆಯನ್ನು ಅಲ್ಲಿ ಓದಿಸು. ನನ್ನ ಮುದ್ರೆಯೊತ್ತಿ ಕಳಿಸುತ್ತೇನೆ. ಕಣ್ಣು ಮೋಸ ಮಾಡಿತು ಎಂದರೆ ನನಗೆ ಒಂದಷ್ಟು ಬೈಗುಳ, ಒಂದಷ್ಟು ಉಪವಾಸ, ಅಷ್ಟೇ. ಬೇಕೆಂದೇ ಸುಳ್ಳು ಹೇಳಿದ ಪಾದ್ರಿಗಾದರೆ ಉಡುಪು ಕಳಚಿಸಿ ಕೆನ್ನೆಗೆ ಬರೆ ಹಾಕುತ್ತಾರೆ.

ಮಿಕೋವನಿಗೆ ನನ್ನ ನೆನಪು ಹೇಳು. ಈ ಸಲದ ಹೊಸ ದ್ರಾಕ್ಷಾರಸ ನನಗೆ ಕಳಿಸಬೇಡ.

ನಿನ್ನ ತಮ್ಮ,
ಬೆನೆದೆಕ್

ಮರೆತ ಮಾತು: ಮೇಣ ಕಾಯಿಸಲು ಇಟ್ಟವನು ಮತ್ತೆ ಲೇಖನಿ ಹಿಡಿದೆ. ಕಣ್ಣು ಮಂಜಾದವನು ಇಷ್ಟು ಸಣ್ಣ ಅಕ್ಷರ ಹೇಗೆ ಬರೆದ ಎಂದು ಅಣ್ಣ ಕೇಳದೆ ಬಿಡುವುದಿಲ್ಲ. ನನ್ನ ಕಣ್ಣು ಚೆನ್ನಾಗಿವೆ. ಚಿಕ್ಕಂದಿನಲ್ಲಿ ಕುದಿಯುವ ದ್ರಾಕ್ಷಿರಸದ ಹಂಡೆಗೆ ಬೀಳುತ್ತಿದ್ದ ನನ್ನನ್ನು ಎಳೆದುಕೊಳ್ಳಲು ಹೋಗಿ ನಿನ್ನ ಬಲಗೈ ಬೆಂದಿತ್ತಲ್ಲ. ಎರಡು ಬೆರಳು ಬೆಸೆದುಕೊಂಡೇ ವಾಸಿಯಾದವು. ಶಿಲುಬೆಯ ಮೇಲಿದ್ದ ಕೈಯಲ್ಲಿ ಐದೂ ಬೆರಳು ಬಿಡಿಬಿಡಿಯಾಗಿದ್ದವು. ನೋಡಿಯೇ ಹೌದೆಂದೆ. ನನ್ನನ್ನು ಇಲ್ಲಿನ ಹಿರಿಯ ಪಾದ್ರಿಯನ್ನಾಗಿ ಮಾಡಿಸುತ್ತೇನೆಂದು ಅಣ್ಣ ಮಾತು ಕೊಟ್ಟಿದ್ದ, ಈಸ್ಟರಿಗೆ ಮಾಡಿಸಿದ. ಈ ಸಾಲುಗಳನ್ನೂ ಓದಿಸು, ಅಕ್ಕ. ಓದುವಾಗ ನಿನ್ನ ಕೈಯನ್ನು ಅವರಿಗೆ ತೋರಿಸು.