ಎಡಗಾಲಿನ ಪಾಲು

ಫೆಬ್ರವರಿ 3, ಸೋಮವಾರ. ಸಂಜೆ

ಮತ್ತೆ ಅದೇ. ಬಲಗಾಲು ಸರಿ. ಎಡಗಾಲು ತಪ್ಪುತ್ತಿದೆ. ಡ್ರಮ್ಮಿನ ಪೆಡಲ್ ಒತ್ತಿದೆ ಅನ್ನಿಸುತ್ತದೆ — ಸದ್ದಿಲ್ಲ. ನಿಧಾನಕ್ಕೆ ಬಾರಿಸಿದರೆ ಬರುತ್ತದೆ. ವೇಗ ಏರಿಸಿದ ತಕ್ಷಣ ಮಾಯ.

ಡ್ರಮ್ಮಿಗೆ ಜೋಡಿಸುವ ಎಲೆಕ್ಟ್ರಾನಿಕ್ ಡಬ್ಬ ರಿಪೇರಿಗೆ ಹೋಗಿ ವಾರವಾಯಿತು. ಅದರ ಒಂದು ಗುಂಡಿ ಒತ್ತಿದರೆ ಒಳಗೇ ಕೂತುಬಿಡುತ್ತಿತ್ತು. ಅಮ್ಮ ಗ್ಯಾರೇಜಿನ ಬಾಗಿಲಲ್ಲಿ ನಿಂತು, “ಆ ಡಬ್ಬ ಇಲ್ದಿದ್ರೆ ಬಾರಿಸೋಕೆ ಬರಲ್ವೇನೇ?” ಎಂದಳು. ಬರುತ್ತದೆ ಅಂದೆ. ಡ್ರಮ್ಮಿನ ಅಂಚಿಗೆ ಕಚ್ಚಿಸಿದ ಟ್ರಿಗರ್ ಕಾಲಿನ ಪ್ರತಿ ಏಟನ್ನೂ ಹಿಡಿದು ಡಬ್ಬಕ್ಕೆ ಕಳಿಸುತ್ತದೆ, ಡಬ್ಬ ಪ್ರತಿ ಏಟಿಗೂ ಒಂದು ಚೊಕ್ಕ ಸದ್ದು ಹೊರಡಿಸುತ್ತದೆ, ಅಷ್ಟೇ, ಬಾರಿಸುವವಳು ನಾನೇ ಅಂತ ವಿವರಿಸಿದೆ.

“ಮತ್ತೆ ಈಗ್ಯಾಕೆ ನಲ್ಲಿ ಸೋರಿದ ಹಾಗೆ ಟಕ್ಕು ಟಕ್ಕು ಅಂತಿದೆ?”

ಅಮ್ಮನಿಗೇನು ಗೊತ್ತು. ಪೆಡಲಿನದೇ ಕಿತಾಪತಿ. ಸ್ಪ್ರಿಂಗ್ ಬಿಗಿ ಮಾಡಿದೆ.

ಫೆಬ್ರವರಿ 4

ಸ್ಪ್ರಿಂಗ್ ಸಡಿಲ ಮಾಡಿದೆ.

ಫೆಬ್ರವರಿ 5

ಬೂಟು ತೆಗೆದೆ. ಸಾಕ್ಸ್‌ನಲ್ಲಿ ನೋಡಿದೆ. ಬರಿಗಾಲಲ್ಲಿ ನೋಡಿದೆ. ಆಮೇಲೆ ಎದ್ದು ಹೋಗಿ ಕಾಲು ತೊಳೆದುಕೊಂಡು ಬಂದು ನೋಡಿದೆ. ಆ ಮಟ್ಟಕ್ಕೆ ಬಂದಿದ್ದೇನೆ.

ಫೆಬ್ರವರಿ 9, ಭಾನುವಾರ

ಅಟ್ಟದಿಂದ ಎಲ್ಲ ಇಳಿಸಿದೆ. ಹುಡುಗಿಯಾಗಿದ್ದಾಗಿನಿಂದ ಈವರೆಗೆ ಕಾಲ ಕೆಳಗೆ ಇಟ್ಟುಕೊಂಡ ಪೆಡಲ್‌ಗಳೆಲ್ಲ. ಗ್ಯಾರೇಜಿನ ನೆಲದ ಮೇಲೆ ಸಾಲಾಗಿ ಜೋಡಿಸಿದೆ. ಅಮ್ಮ ಬಂದಳು, ನೋಡಿದಳು, “ಗುಜರಿ ಅಂಗಡಿ ಬೋರ್ಡೊಂದು ಬಾಕಿ,” ಅಂದು ಹೋದಳು.

ಮೊದಲನೆಯದು ಸಿಂಗಲ್ ಪೆಡಲ್. ಯಾರೋ ಬಿಸಾಕಿದ್ದು. ಪಟ್ಟಿ ಹರಿದಿತ್ತು, ಅಮ್ಮನೇ ತನ್ನ ಹಳೇ ಬ್ಯಾಗಿನ ಹಿಡಿಕೆ ಕತ್ತರಿಸಿ ಹೊಲಿದುಕೊಟ್ಟಿದ್ದಳು. ಆಮೇಲೆ ಡಬಲ್ ಪೆಡಲ್ — ಎಡಗಾಲಿನ ಏಟು ಒಂದು ರಾಡಿನ ಮೂಲಕ ಹಾದು ಡ್ರಮ್ಮಿಗೆ ಹೋಗುತ್ತಿತ್ತು. ರಾಡಿನಲ್ಲೇ ಬಲ ಸೋರಿಹೋಗುತ್ತದೆ ಅಂತ ಬೈದುಕೊಂಡು, ಕಾಲಿಗೊಂದರಂತೆ ಎರಡು ದೊಡ್ಡ ಡ್ರಮ್ ತಂದೆ. ಆಗಿನ ಫೋಟೋಗಳಲ್ಲಿ ನಾನು ಕಾಣುವುದೇ ಇಲ್ಲ, ಕೂದಲು ಮಾತ್ರ. ಎರಡೂ ಒಂದೇ ವ್ಯಾನಿನಲ್ಲಿ ಹಿಡಿಯಲಿಲ್ಲ, ಹೊತ್ತವರ ಸೊಂಟ ಮಾತ್ರ ಹಿಡಿದುಕೊಂಡಿತು. ಒಂದನ್ನು ಮಾರಿದೆ. ಮತ್ತೆ ರಾಡು. ಚೈನಿನ ಪೆಡಲ್ ಎಳೆಯುತ್ತದೆ ಅನ್ನಿಸಿ ಚೈನಿಲ್ಲದ್ದು. ಕಾಲು ಮೆಲ್ಲಗೆ ಬಿದ್ದರೂ ಗಟ್ಟಿ ಕೇಳಲಿ ಅಂತ ಟ್ರಿಗರ್, ಡಬ್ಬ. ಹೋದ ವರ್ಷಕ್ಕೆ ಹಿಂದಿನ ವರ್ಷ ಈ ಉದ್ದ ಹಲಗೆಯ ಪೆಡಲ್. “ಇದು ಬಂದ ಮೇಲೆ ನನ್ನ ಎಡಗಾಲಿಗೆ ಮರುಜನ್ಮ” ಅಂತ ಸಂದರ್ಶನದಲ್ಲಿ ಕೊಚ್ಚಿಕೊಂಡಿದ್ದೆ. ಅದನ್ನು ಓದಿ ಎಷ್ಟು ಜನ ಕೊಂಡರೋ.

ಒಂದೊಂದನ್ನೂ ಕಟ್ಟಿ ಬಾರಿಸಿದೆ. ಎಲ್ಲದರಲ್ಲೂ ಒಂದೇ ಕಥೆ. ಎಲ್ಲ ಪೆಡಲ್‌ಗಳೂ ಸೇರಿ ನನ್ನ ಮೇಲೆ ಪಿತೂರಿ ಮಾಡಿರಲಾರವು.

ಒಂದು ವಿಷಯ ಈಗ ಹೊಳೆಯುತ್ತಿದೆ. ಕೊಂಡಿದ್ದೆಲ್ಲ ಎಡಗಾಲಿನ ತಕರಾರಿಗೆ. ಬಲಗಾಲು ಇಷ್ಟು ವರ್ಷದಲ್ಲಿ ಏನನ್ನೂ ಕೇಳಿಲ್ಲ.

ಫೆಬ್ರವರಿ 14

ಡಾಕ್ಟರು ನಡೆಸಿದರು, ಮೆಟ್ಟಿಲು ಹತ್ತಿಸಿದರು, ಸೂಜಿ ಚುಚ್ಚಿದರು. ಎಲ್ಲ ಸರಿಯಾಗಿದೆ. ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುತ್ತಾ ದಿನವಿಡೀ ಕ್ಲಚ್ ಒತ್ತುತ್ತೇನೆ, ಒಮ್ಮೆಯೂ ಕೈಕೊಟ್ಟಿಲ್ಲ ಅಂದೆ.

“ಕೊಡೋದೂ ಇಲ್ಲ. ಒಂದೇ ಕೆಲಸವನ್ನ ವರ್ಷಗಟ್ಟಲೆ ತೀಡಿದವರಿಗೆ, ಆ ಕೆಲಸಕ್ಕೆ ಮಾತ್ರ ಹೀಗಾಗತ್ತಮ್ಮ. ಕಾಲು ಚೆನ್ನಾಗೇ ಇದೆ. ಮೆದುಳಲ್ಲಿ ಅದರ ದಾರಿ ಕಲಸಿಹೋಗಿದೆ.”

“ಇನ್ನೂ ಜಾಸ್ತಿ ಪ್ರಾಕ್ಟೀಸ್ ಮಾಡಿದ್ರೆ?”

“ಇನ್ನೂ ಜಾಸ್ತಿ ಕಲಸುತ್ತೆ.”

ಯಾವಾಗಿನಿಂದ ಅಂತ ಕೇಳಿದರು. ಡಬ್ಬ ರಿಪೇರಿಗೆ ಹೋದಾಗಿನಿಂದ ಅಂದೆ. ನಕ್ಕರು. ಇದು ಒಂದೆರಡು ದಿನದಲ್ಲಿ ಬರುವ ಕಾಯಿಲೆಯಲ್ಲವಂತೆ. ಸರಿಹೋಗುತ್ತದಾ? ಕೆಲವರಿಗೆ ಹೋಗುತ್ತದೆ, ಕೆಲವರಿಗೆ ಇಲ್ಲ. ಹೋದ ತಿಂಗಳು ನಮ್ಮ ಬ್ಯಾಂಡಿನ ಶೋನಲ್ಲಿ ಒಂದೇ ಒಂದು ಏಟು ತಪ್ಪಿರಲಿಲ್ಲ. ನಾನೇ ಕಿವಿಯಾರೆ ಕೇಳಿದ್ದೇನೆ. ಹಾಗಿದ್ದರೆ ಅದೇನು?

ಫೆಬ್ರವರಿ 18

ಡಬ್ಬ ಬಂತು. ಕೇಬಲ್ ಚುಚ್ಚಿದೆ, ಇಯರ್‌ಫೋನ್ ಹಾಕಿದೆ, ಅತಿ ವೇಗದ ಹಾಡು ಬಾರಿಸಿದೆ. ಕಾಲು ಬಂತು. ಪೂರ್ತಿ. ಬಲ-ಎಡ-ಬಲ-ಎಡ, ಒಂದೂ ಬಿಡದೆ. ಮೂರು ಸಲ ಬಾರಿಸಿದೆ.

ಡಾಕ್ಟರಿಗೆ ತಲೆಯಿಲ್ಲ. ತಮ್ಮನಿಗೆ ಫೋನ್ ಮಾಡಿ ಹೇಳಿದೆ. “ನಾನ್ ಹೇಳ್ಲಿಲ್ವಾ ಅಕ್ಕ, ಸುಮ್ನೆ ತಲೆ ಕೆಡಿಸ್ಕೋತೀಯ,” ಅಂದ. ಹಿಂದೆ ಮಕ್ಕಳ ಗಲಾಟೆ. ಹಗಲು ಶಿಶುವಿಹಾರದ ಮೇಷ್ಟ್ರು, ಶೋಗಳಲ್ಲಿ ನಮ್ಮ ಬ್ಯಾಂಡಿನ ಗರ್ಜಿಸುವ ಹಾಡುಗಾರ. ಮಕ್ಕಳ ಅಪ್ಪ-ಅಮ್ಮಂದಿರು ಯಾರೂ ಇನ್ನೂ ಬಂದು ನೋಡಿಲ್ಲ, ಪುಣ್ಯ.

ಫೆಬ್ರವರಿ 19

ಬಾರಿಸುತ್ತಿದ್ದೆ. ಎಡಗಾಲಿನ ಮೀನಖಂಡ ಸೆಳೆಯಿತು. ನೋವಿಗೆ ಕಾಲೆತ್ತಿ ಹಿಡಿದುಕೊಂಡೆ.

ಸದ್ದು ನಿಲ್ಲಲಿಲ್ಲ.

ಬಲಗಾಲು ಓಡುತ್ತಿತ್ತು. ಎಡಗಾಲು ಗಾಳಿಯಲ್ಲಿತ್ತು. ಕಿವಿಯಲ್ಲಿ ಎರಡೂ ಕಾಲು. ಬಲ-ಎಡ-ಬಲ-ಎಡ. ಹಾಗೇ ಕೂತು ಇನ್ನೂ ಸ್ವಲ್ಪ ಬಾರಿಸಿದೆ, ದೆವ್ವ ಹಿಡಿದವಳ ಹಾಗೆ. ಆಮೇಲೆ ನಿಲ್ಲಿಸಿದೆ.

ಫೆಬ್ರವರಿ 20

ಡಬ್ಬದ ಒಳಗೆಲ್ಲ ಹುಡುಕಿದೆ. ವೇಗದ ಹಾಡುಗಳ ಸೆಟ್ಟಿಂಗಿನಲ್ಲಿ ಮಾತ್ರ ಇದೆ. ಬಲಗಾಲಿನ ಪ್ರತಿ ಏಟಿನ ಬೆನ್ನಿಗೆ, ಎಡಗಾಲು ಬೀಳಬೇಕಾದ ಜಾಗಕ್ಕೆ ಸರಿಯಾಗಿ, ಅದೇ ಏಟಿನ ಇನ್ನೊಂದು ಪ್ರತಿಯನ್ನು ಡಬ್ಬವೇ ಹೊರಡಿಸುತ್ತದೆ. ಎಡಗಾಲು ಬಿದ್ದರೆ ಅದರ ಅಡಿಯಲ್ಲಿ ಮುಚ್ಚಿಹೋಗುತ್ತದೆ. ಬೀಳದಿದ್ದರೂ ಯಾರಿಗೂ ಗೊತ್ತಾಗುವುದಿಲ್ಲ. ನಾನು ಹಾಕಿದ್ದಲ್ಲ.

ಸೌಂಡ್ ನೋಡಿಕೊಳ್ಳುವವನಿಗೆ ಫೋನ್ ಮಾಡಿದೆ. ಅವನಿಗೆ ಗಾಬರಿ. “ನಿಮ್ ತಮ್ಮಾನೇ ಹೇಳಿ ಹಾಕಿಸಿದ್ದು ಮೇಡಂ. ನಿಮ್ಗೆ ಗೊತ್ತಿದೆ ಅಂದ್ಕೊಂಡಿದ್ದೆ.”

ಯಾವಾಗ?

ಉದ್ದ ಹಲಗೆಯ ಪೆಡಲ್ ಬಂದ ವಾರವೇ ಅಂತೆ.

ಫೆಬ್ರವರಿ 22, ಶನಿವಾರ

ಬೆಳಗ್ಗೆಯ ಡ್ರೈವಿಂಗ್ ಕ್ಲಾಸಿನವನು ಸಿಗ್ನಲ್ಲಿನಲ್ಲಿ ಗಾಡಿ ನಿಂತ ಮೇಲೆ ನನ್ನ ಕಡೆ ತಿರುಗಿ, “ಹೆಂಗ್ ನಿಲ್ಲಿಸ್ದೆ ನೋಡಿ,” ಅಂದ. ನಿಲ್ಲಿಸಿದ್ದು ನಾನು. ನನ್ನ ಕಡೆಯ ಬ್ರೇಕಿನಿಂದ. ಯಾವಾಗಲೂ “ಭೇಷ್” ಅನ್ನುತ್ತೇನೆ, ಧೈರ್ಯ ಬರಲಿ ಅಂತ. ಇವತ್ತು ಬಾಯಿಗೆ ಬರಲಿಲ್ಲ.

ಮಧ್ಯಾಹ್ನ ತಮ್ಮ ಬಂದ. ಕೂರು ಅಂದೆ. ಮುಖ ನೋಡಿದ ತಕ್ಷಣ ಅವನಿಗೆ ಗೊತ್ತಾಯಿತು.

“ಹೇಳಿದ್ರೆ ನೀನು ಬಿಟ್ಟು ಹೋಗ್ತಿದ್ದೆ ಅಕ್ಕ.”

“ಹೋಗ್ತಿದ್ನೋ ಇರ್ತಿದ್ನೋ, ಅದು ನನ್ನ ಕಾಲು.”

“ಒಂದು ಶೋನಲ್ಲಿ ಎಡಗಾಲು ಪೂರ್ತಿ ಸತ್ತುಹೋಯ್ತು. ನೀನು ಇಳಿದು ಬಂದು ಪೆಡಲ್‌ಗೆ ಬೈದೆ. ಹೊಸದು ತಂದೆ. ಎಷ್ಟ್ ಖುಷಿ ಇತ್ತು ನಿಂಗೆ. ಅದೂ ಕೆಲಸ ಮಾಡ್ಲಿಲ್ಲ ಅಂದಿದ್ರೆ?”

“ಹಾಗಾಗಿ ಮೋಸ ಮಾಡ್ದೆ.”

“ಮೋಸ ಅಂತೀಯೋ, ಏನಂತೀಯೋ.” ಅಷ್ಟೇ ಹೇಳಿದ. ಅಮ್ಮ ಒಳಗಿಂದ ನೀರು ತಂದು ಅವನ ಮುಂದಿಟ್ಟಳು, ನನ್ನ ಮುಂದಿಡಲಿಲ್ಲ. ಅವಳಿಗೂ ಗೊತ್ತಿತ್ತಾ? ಕೇಳಲು ಧೈರ್ಯವಿಲ್ಲ.

ಸಿಟ್ಟು ಬರಬೇಕು. ಬರುತ್ತಿದೆ. ಅದರ ಜೊತೆಗೇ ಇನ್ನೇನೋ ಬರುತ್ತಿದೆ, ಅದಕ್ಕೆ ಹೆಸರಿಲ್ಲ. ಇಷ್ಟು ಕಾಲ ಜನ ಚಪ್ಪಾಳೆ ತಟ್ಟಿದ್ದು ಯಾರಿಗೆ? ಅರ್ಧ ನನಗೆ, ಸರಿ. ಇನ್ನರ್ಧ?

ಮಾರ್ಚ್ 8, ಶನಿವಾರ

ಎರಡು ವಾರ ಗ್ಯಾರೇಜಿನ ಕಡೆ ತಲೆ ಹಾಕಲಿಲ್ಲ. ಇವತ್ತು ಬ್ಯಾಂಡಿನವರನ್ನೆಲ್ಲ ಕರೆಸಿ ಹೇಳಿದೆ. ಇನ್ನು ಮೇಲೆ ಆ ಪ್ರತಿ ಬೇಡ. ಡಬ್ಬ ನನ್ನ ಕಿವಿಗೆ ತಾಳದ ಕ್ಲಿಕ್ಕು ಕೇಳಿಸಲು ಮಾತ್ರ. ಬಲಗಾಲು ಎಷ್ಟು ಬಾರಿಸುತ್ತದೋ ಅಷ್ಟೇ ಕೇಳಲಿ.

ಗಿಟಾರಿನವನು — ಎಲ್ಲದಕ್ಕೂ ಬುದ್ಧಿ ಹೇಳುತ್ತಾನೆ ಅಂತ ನಾವೆಲ್ಲ ಅವನನ್ನು ದೊಡ್ಡಪ್ಪ ಅನ್ನುವುದು — ಗಿಟಾರ್ ಕೆಳಗಿಟ್ಟು ಮಾತಾಡಿದ. “ನೋಡಮ್ಮ, ಹಾಡು ಅರ್ಧ ಆಗೋಗತ್ತೆ. ಏಪ್ರಿಲ್ ಶೋ ಹೀಗೇ ಮಾಡೋಣ, ನಂದೇನಿಲ್ಲ. ಜನ ಒಪ್ಪಿದ್ರೆ ಸರಿ. ಇಲ್ಲಾಂದ್ರೆ ಆ ಸ್ಟೂಲಲ್ಲಿ ಬೇರೆಯವರನ್ನ ಕೂರಿಸ್ಬೇಕು. ಬೇಜಾರ್ ಮಾಡ್ಕೋಬೇಡ.”

ಬೇಜಾರಿಲ್ಲ ಅಂದೆ. ಈ ಬ್ಯಾಂಡ್ ಶುರುವಾಗಿದ್ದು ನನ್ನ ಗ್ಯಾರೇಜಿನಲ್ಲಿ, ಅವನಿಗೆ ಸ್ವರ ಸೇರಿಸಲು ಬಾರದಿದ್ದ ಕಾಲದಲ್ಲಿ. ಆದರೆ ಅವನು ಹೇಳಿದ್ದು ನ್ಯಾಯವೇ. ಅದೇ ಹೊಟ್ಟೆ ಉರಿಸುವುದು.

ಬಾರಿಸಿದೆವು. ಹಾಡುಗಳು ಬಡವಾಗಿವೆ. ಮಧ್ಯೆ ಮಧ್ಯೆ ಜಾಗ. ಆ ಜಾಗದಲ್ಲಿ ಬೇರೇನೋ ಕೇಳಿಸುತ್ತದೆ, ಇನ್ನೂ ಗೊತ್ತಾಗಿಲ್ಲ ಏನಂತ.

ಮಾರ್ಚ್ 23, ಭಾನುವಾರ

ಗೊತ್ತಾಯಿತು. ತಮ್ಮನ ಗಂಟಲು.

ಮೊದಲ ಸಾಲು ಗರ್ಜಿಸುತ್ತಾನೆ. ಎರಡನೆಯದರ ಕೊನೆಗೆ ಅದು ಸೀಳುತ್ತದೆ. ಮೂರನೆಯದರಲ್ಲಿ ಬರೀ ಗಾಳಿ. ಬಾಯಿ ಅಷ್ಟೇ ದೊಡ್ಡದಾಗಿ ತೆರೆದಿರುತ್ತದೆ, ಕುತ್ತಿಗೆಯ ನರ ಅಷ್ಟೇ ಉಬ್ಬಿರುತ್ತದೆ. ನಾನು ಪೂರ್ತಿ ಬಾರಿಸುತ್ತಿದ್ದಾಗ — ಡಬ್ಬ ಪೂರ್ತಿ ಬಾರಿಸುತ್ತಿದ್ದಾಗ — ಅದೆಲ್ಲ ಅಡಿಯಲ್ಲಿ ಮುಚ್ಚಿಹೋಗುತ್ತಿತ್ತು.

“ಚಾಕ್ ಧೂಳು ಅಕ್ಕ. ಸ್ಕೂಲಲ್ಲಿ,” ಅಂದ, ನಾನು ಕೇಳುವ ಮೊದಲೇ. ಬಿಸಿನೀರಿನ ಫ್ಲಾಸ್ಕ್ ಇಟ್ಟುಕೊಂಡಿದ್ದಾನೆ. ಆ ಫ್ಲಾಸ್ಕ್ ಅವನ ಬ್ಯಾಗಿನಲ್ಲಿ ತುಂಬ ದಿನದಿಂದ ಇದೆ. ಕಾಫಿ ಅಂದುಕೊಂಡಿದ್ದೆ.

ಹಾಗಾದರೆ ಆ ಪ್ರತಿಯನ್ನು ಹಾಕಿಸಿದ್ದು ನನಗೋಸ್ಕರವಾ, ತನಗೋಸ್ಕರವಾ? ಅವನಿಗಾದರೂ ಗೊತ್ತಿದೆಯಾ? ಕೇಳಬೇಕು. ಕೇಳಲಿಲ್ಲ. ಕಾಲಿನ ವಿಷಯ ಅವನು ನನಗೆ ಯಾಕೆ ಹೇಳಲಿಲ್ಲ ಅಂತ ಈಗ ಸ್ವಲ್ಪ ಅರ್ಥವಾಗುತ್ತಿದೆ, ಅರ್ಥವಾಗುತ್ತಿರುವುದು ನನಗೆ ಇಷ್ಟವಿಲ್ಲ.

ಏಪ್ರಿಲ್ 2

ಏನೂ ಬರೆಯುವುದಿಲ್ಲ. ಎರಡು ಸಲ ಫೋನ್ ಎತ್ತಿ ಇಟ್ಟೆ. “ಡಾಕ್ಟರಿಗೆ ತೋರಿಸೋ” ಅನ್ನುವುದು ಎಷ್ಟು ಹೊತ್ತಿನ ಮಾತು?

ಏಪ್ರಿಲ್ 6, ಭಾನುವಾರ. ಬೆಳಗ್ಗೆ

ನಿನ್ನೆ ಶೋ ಆಯಿತು.

ಮೊದಲ ಹಾಡು, ಹೇಳಿದಂತೆ, ಬಲಗಾಲಿನಲ್ಲಿ ಮಾತ್ರ. ಮುಂದಿನ ಸಾಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪರವಾಗಿಲ್ಲ, ಅದಕ್ಕೆ ಸಿದ್ಧವಾಗಿಯೇ ಹೋಗಿದ್ದೆ. ನಾಚಿಕೆಯೂ ಆಗಲಿಲ್ಲ. ಎಷ್ಟೋ ದಿನದ ಮೇಲೆ ನನ್ನ ಕಾಲಿನ ಸದ್ದು ನನಗೇ ಕೇಳುತ್ತಿತ್ತು. ಆಗ ತಮ್ಮನ ಗಂಟಲು ಸೀಳಿತು. ಯಾರೋ ನಕ್ಕರು. ಅವನು ಜನಕ್ಕೆ ಬೆನ್ನು ತಿರುಗಿಸಿದ, ಸ್ಟೈಲಿಗೆ ಅನ್ನುವಂತೆ, ಮೈಕು ಬಾಯಿಗೇ ಇತ್ತು. ನನ್ನ ಕಡೆ ನೋಡಿದ. ಚಿಕ್ಕವನಿದ್ದಾಗ ಶಾಲೆಯ ಸ್ಟೇಜಿನ ಮೇಲೆ ಮಾತು ಮರೆತು ನೋಡುತ್ತಿದ್ದ ಹಾಗೆ.

ಎರಡನೇ ಹಾಡಿಗೆ ಮೊದಲು ಕೈ ಚಾಚಿ ಡಬ್ಬದ ಗುಂಡಿ ಒತ್ತಿದೆ. ಆ ಪ್ರತಿ ಇರುವ ಹಳೇ ಸೆಟ್ಟಿಂಗ್. ಅಳಿಸಿರಲಿಲ್ಲ ನಾನು.

ಸದ್ದಿನ ಗೋಡೆ ಎದ್ದು ನಿಂತಿತು. ಅದರ ಹಿಂದೆ ಅವನ ಗಂಟಲು ಕೂಗಿತೋ, ಸೀಳಿತೋ, ಯಾರಿಗೂ ಕೇಳಲಿಲ್ಲ. ಜನ ಕುಣಿದರು. ಕೊನೆಯ ಹಾಡಿನವರೆಗೂ ಹಾಗೇ ನಡೆಯಿತು.

ಇಳಿದು ಬಂದ ಮೇಲೆ ದೊಡ್ಡಪ್ಪ ನನ್ನ ಬೆನ್ನು ತಟ್ಟಿದ. “ನೀನೇ ಇರ್ತೀಯ. ಇನ್ನು ಆ ಮಾತೇ ಇಲ್ಲ.” ಅವನಿಗೆ ಗೊತ್ತಾಗಿದೆ, ಗೊತ್ತಾಗಿಲ್ಲ, ಎರಡೂ ಇರಬಹುದು.

ತಮ್ಮ ಫ್ಲಾಸ್ಕಿನಿಂದ ನೀರು ಕುಡಿಯುತ್ತಿದ್ದ. “ಕಾಲು ಬಂತಲ್ಲಕ್ಕ ಇವತ್ತು.”

“ನಿನ್ನ ಗಂಟ್ಲೂ ಬಂತು,” ಅಂದೆ.

ಇಬ್ಬರೂ ಕಣ್ಣು ತಪ್ಪಿಸಲಿಲ್ಲ. ಅವನು ಫ್ಲಾಸ್ಕ್ ನನ್ನ ಕಡೆ ಚಾಚಿದ, ನಾನೂ ಕುಡಿದೆ. ಡಾಕ್ಟರ ವಿಷಯ ಹೇಳಲಿಲ್ಲ. ನಾಳೆ ಹೇಳುತ್ತೇನೆ.

ಅವನಿಗೋಸ್ಕರ ಒತ್ತಿದೆ. ಅದರಲ್ಲಿ ಅನುಮಾನವಿಲ್ಲ. ತಮ್ಮ ಅಲ್ಲವಾ, ಎಲ್ಲರ ಮುಂದೆ ನಗೆಪಾಟಲಾಗಲು ಹೇಗೆ ಬಿಡುವುದು.

ಆದರೆ ನಾಲ್ಕನೇ ಹಾಡಿನ ಮಧ್ಯೆ ಅವನು ಹಾಡುವುದೇ ಇಲ್ಲ. ಮೈಕು ಕೆಳಗಿಳಿಸಿ ಪಕ್ಕಕ್ಕೆ ನಿಲ್ಲುತ್ತಾನೆ. ಗಿಟಾರೂ ನಿಲ್ಲುತ್ತದೆ. ಡ್ರಮ್ಸ್ ಒಂದೇ, ಉದ್ದಕ್ಕೂ. ಅಲ್ಲಿ ಮುಚ್ಚಬೇಕಾದ ಗಂಟಲೇ ಇರಲಿಲ್ಲ. ಗುಂಡಿ ಕೈಯಳತೆಯಲ್ಲೇ ಇತ್ತು. ಆರಿಸಬಹುದಿತ್ತು. ನಾನು ಕಣ್ಣು ಮುಚ್ಚಿಕೊಂಡು, ಎಡಗಾಲನ್ನೂ ಜೋರಾಗಿ ಆಡಿಸುತ್ತಾ, ಅಲ್ಲೂ ಅದನ್ನು ಯಾಕೆ ಆರಿಸಲಿಲ್ಲ?