ತಾಗಿದರೆ ಬಿಚ್ಚುವ ಗಂಟು

ಡಿಸೆಂಬರ್ 9, ಸೋಮವಾರ

ಗಾಳಿ. ದೋಣಿ ಇಳಿಸಲಿಲ್ಲ. ಅಂಗಳದಲ್ಲಿ ಕುಳಿತು ಅಂಕೋಲೆ ಕಾಲೇಜಿನ ಗೋಲ್ ಬಲೆ ರಿಪೇರಿ ಮಾಡಿದೆ. ಪಿ.ಟಿ. ಮಾಸ್ತರರು ಮನೆ ಹುಡುಕಿಕೊಂಡು ಬಂದಿದ್ದರು. ಬರಲೇಬೇಕು. ಬೆಳಂಬಾರದಲ್ಲಿ ಈ ದೇವಿದಾಸನ ಗಂಟೆಂದರೆ ಗಂಟು.

ಗುರುವಾರ ಕಾರವಾರದವರ ಮೇಲೆ ಫುಟ್‌ಬಾಲ್ ಮ್ಯಾಚು. ತಂಗಿಯ ಮಗ ಆಶಿಷ ನಮ್ಮ ಗೋಲಿ, ಗೋಲು ಕಾಯುವವನು. ಯುನಿವರ್ಸಿಟಿ ಟೀಮಿಗೆ ಆರಿಸುವವರು ಬರುತ್ತಾರಂತೆ. ಹುಡುಗನಿಗೆ ಊಟ ಸೇರುತ್ತಿಲ್ಲ.

ಹೋದ ವರ್ಷ ಕಾರವಾರದ ಹುಡುಗರು ಇವನ ಗ್ಲೌಸಿನೊಳಗೆ ಒಣ ಸಿಗಡಿ ತುಂಬಿದ್ದರು. ಮುಯ್ಯಿ ಬಾಕಿ ಇದೆ.

"ಮಾಮಾ, ಈ ಸಲ ಎಂತದೂ ಮಾಡ್ಬೇಡ."

"ನಾನೆಂತ ಮಾಡ್ತೆ ಮಾರಾಯಾ!"

ಡಿಸೆಂಬರ್ 12, ಗುರುವಾರ, ಬೆಳಗ್ಗೆ

ಬಲೆ ಕಟ್ಟಿ ಬಂದೆ. ರಸ್ತೆ ಕಡೆಯ ಗೋಲಿನಲ್ಲಿ, ಕಂಬದ ಪಕ್ಕದ ಬಲೆಯಲ್ಲಿ, ಒಂದು ಗಂಟು ಬೇರೆ ಥರದ್ದು. ಕಂಡರೆ ಬಿಗಿ, ಹೊರಗಿನಿಂದ ಚೆಂಡು ತಾಗಿದರೆ ಬಿಚ್ಚುತ್ತದೆ. ನಮ್ಮವರ ಗುರಿ ತಪ್ಪಿದರೂ ಚೆಂಡು ಒಳಗೆ! ಹೊರಗಿನವರನ್ನು ಮೊದಲು ರಸ್ತೆ ಕಡೆ ನಿಲ್ಲಿಸುವುದು ಇಲ್ಲಿಯ ರೂಢಿ. ಹಾಫ್ ಟೈಮಿನಲ್ಲಿ, ಕಡೆ ಬದಲಾಗುವ ಮೊದಲು, ಹೋಗಿ ಸರಿ ಮಾಡಿದರಾಯಿತು. ಹುರಿ ಕಿಸೆಯಲ್ಲೇ ಇದೆ. ಇಂಥ ತಲೆ ಯಾರಿಗುಂಟು...

ಸಂಜೆ

ಮೊದಲರ್ಧ ನಮ್ಮವರು ಆ ಗಂಟಿನ ಕಡೆ ಒಂದೂ ಹೊಡೆಯಲಿಲ್ಲ. ಹಾಫ್ ಟೈಮಿನಲ್ಲಿ ಸೋಡಾ ಅಂಗಡಿಯ ಹತ್ತಿರ ಹಳೆಯ ಗೆಳೆಯ, ಕೋಡಿಬಾಗದ ಕೇಶವ ಸಿಕ್ಕ. ನನ್ನ ಹಳೆಯ ಕಿತಾಪತಿಗಳನ್ನೆಲ್ಲ ಹೇಳುತ್ತ ನಿಂತೆ. ಸೀಟಿ ಹೊಡೆದರು. ತಿರುಗಿ ನೋಡಿದರೆ ರಸ್ತೆ ಕಡೆಯ ಗೋಲಿನಲ್ಲಿ ಆಶಿಷ. ಹುರಿ ಇನ್ನೂ ನನ್ನ ಕಿಸೆಯಲ್ಲೇ.

ಕಾರವಾರದವರ ಹೊಡೆತ ಕಂಬದ ಹೊರಗೆ ಹೋಯಿತು. ಆಶಿಷ ಕೈಯನ್ನೂ ಚಾಚಲಿಲ್ಲ. ಗಂಟು ಬಿಚ್ಚಿತು. ಚೆಂಡು ಒಳಗೆ. ರೆಫ್ರಿ ಗೋಲು ಕೊಟ್ಟರು.

"ಹೊರಗಿಂದ ಹೋತು ಸರ್! ದೇವ್ರಾಣೆ ಹೊರಗಿಂದ!" ಎಂದು ಕೂಗಿದ ಆಶಿಷ.

ಒಳಗಿನಿಂದ ಬಡಿದೇ ಬಲೆ ಬಿಚ್ಚಿದೆ ಎಂದರು ರೆಫ್ರಿ. ಆಶಿಷ ಅವರ ಅಂಗಿ ಹಿಡಿದ. ಕೆಂಪು ಕಾರ್ಡು.

ಕೈಯಲ್ಲಿ ಸೋಡಾ ಇತ್ತು. ಕುಡಿದೆ. ಬಾಟಲಿ ವಾಪಸ್ ಕೊಟ್ಟೆ. ಮನೆಗೆ ಬಂದೆ.

ಡಿಸೆಂಬರ್ 14, ಶನಿವಾರ

ಕಾರವಾರದ ಹುಡುಗರು ವಿಡಿಯೋ ಹಾಕಿದ್ದಾರೆ. ಕೈ ಇಳಿಬಿಟ್ಟು ನಿಂತ ಆಶಿಷ. ಕೆಳಗೆ 'ನಿದ್ದೆ ಗೋಲಿ'. ಊರಿಗೆಲ್ಲ ಹೋಗಿದೆ. ಸೆಲೆಕ್ಷನ್‌ನಲ್ಲಿ ಇವನ ಹೆಸರಿಲ್ಲ.

ತಂಗಿ ದುರ್ಗಾ ಬಂದಿದ್ದಳು. "ಅಣ್ಣಾ, ನೀನು ಹಾಕಿದ್ ಗಂಟು ಹೆಂಗೆ ಬಿಚ್ಚೋಯ್ತು?"

ಹುರಿ ಹಳೆಯದು ಅಂದೆ.

ಬಂಗಡೆ ಸಾರು. ಎರಡು ಸಲ ಬಡಿಸಿಕೊಂಡೆ. ರುಚಿ ನೆನಪಿಲ್ಲ.

ಡಿಸೆಂಬರ್ 29, ಭಾನುವಾರ

ಬಲೆ ಮತ್ತೆ ರಿಪೇರಿಗೆ ಬಂತು. ತಂದವನು ಆಶಿಷನೇ. ಮ್ಯಾಚಿನ ನಂತರ ಇವತ್ತೇ ಬಂದದ್ದು. ಪಕ್ಕದಲ್ಲಿ ಕುಳಿತು ಹುರಿಯ ತುದಿ ಎತ್ತಿದ. ಹೆಬ್ಬೆರಳಿಗೆ ಸುತ್ತಿ ಅದೇ ಗಂಟು ಹಾಕಿದ. ಚಿಕ್ಕವನಿದ್ದಾಗ ನಾನೇ ಕಲಿಸಿದ್ದು. ಬೆರಳಿನಿಂದ ತಟ್ಟಿದ. ಬಿಚ್ಚಿತು.

"ಬೈಯೂದಿಲ್ಲ ಮಾಮಾ. ಚೆಂಡು ಹೊರಗಿಂದ ಹೋತು ಅಲ್ದಾ? ಮಾಸ್ತರರ ಹತ್ರ ಅಷ್ಟು ಹೇಳು, ಸಾಕು."

ಬಲೆ ಹೆಣೆಯುವ ಸೂಜಿಗೆ ಹುರಿ ಸುತ್ತಿದೆ. ಜಾರಿತು. ಮತ್ತೆ ಸುತ್ತಿದೆ. ನೀರು ಕುಡಿದು ಬರುತ್ತೇನೆಂದು ಒಳಗೆ ಬಂದೆ.

ಇದನ್ನು ಬರೆಯುವಾಗಲೂ ಅಂಗಳದಲ್ಲೇ ಕುಳಿತಿದ್ದಾನೆ. ಚಪ್ಪಲಿ ಮೆಟ್ಟಿಕೊಂಡೇ ಇದ್ದಾನೆ, ಈಗಲೇ ಮಾಸ್ತರರ ಮನೆಗೆ ಹೊರಡುವವನಂತೆ. ಹೇಳಬೇಕಾದದ್ದು ಒಂದೇ ಮಾತು. ಹೊರಗೆ ಹೋಗಿ—